ಐದನೇ ಮಹಡಿಯ ಹೊಸ್ತಿಲು

ಮಡಕಶಿರದ ಪಕ್ಕದ ಗುಡಿಬಂಡೆಯ ಮೈಲಾರಮ್ಮನಿಗೆ ಸಮುದ್ರ ಕಾಣುವ ಕೋಣೆ ಸಿಕ್ಕಿದ್ದು ಐವತ್ತೆರಡನೇ ವಯಸ್ಸಿನಲ್ಲಿ. ಮಡಕಶಿರದ ಅಡಿಕೆ ವ್ಯಾಪಾರಿ ಉಮಾಮಹೇಶ್ವರ ದೂರದ ವಿಶಾಖಪಟ್ಟಣದಲ್ಲಿ, ಕಡಲಿಗೆ ಮುಖ ಮಾಡಿದ ಕಟ್ಟಡವೊಂದನ್ನು ಕೊಂಡಿದ್ದ. ಕಸ ಗುಡಿಸಲು, ನೀರಿನ ಮೋಟಾರು ಹಾಕಲು, ಕಾವಲಿರಲು ನಂಬಿಕೆಯ ಜನ ಬೇಕೆಂದು ಅವಳನ್ನು ಕರೆದೊಯ್ದ. "ಮೇಲಿನ ರೂಮು ನಿಂದೇ ಕಣಕ್ಕ. ನೀನಿರೋಗಂಟ ಯಾರೂ ಮುಟ್ಟಲ್ಲ" ಎಂದಿದ್ದ. ಬೋರ್‌ವೆಲ್ ಲಾರಿ ಹತ್ತಿ ತಮಿಳುನಾಡಿಗೆ ಹೋದ ಅವಳ ಗಂಡ ಎರ್ರಪ್ಪ ಹದಿನೆಂಟು ವರ್ಷವಾದರೂ ತಿರುಗಿ ಬಂದಿರಲಿಲ್ಲ. ಮಕ್ಕಳಿಲ್ಲ. ಊರಿನ ಮನೆಗೆ ಬೀಗ ಹಾಕಿ, ಬೀಗದಕೈಯನ್ನು ಪಕ್ಕದ ಕಾಟಮ್ಮನ ಕೈಗಿಟ್ಟು ಅವಳು ಹೊರಟುಬಿಟ್ಟಳು.

ಕೋಣೆ ತಾರಸಿಯ ಮೇಲಿತ್ತು. ಕಿಟಕಿ ತೆಗೆದರೆ ನೀರೇ ನೀರು. ಆದರೆ ಬಾಗಿಲಿಗೆ ಹೊಸ್ತಿಲಿರಲಿಲ್ಲ. ಈಗಿನ ಕಟ್ಟಡಗಳಲ್ಲಿ ಹೊಸ್ತಿಲು ಯಾರಿಗೆ ಬೇಕು? ಹೊಸ್ತಿಲಿಲ್ಲದ್ದು ಗೋಡೌನೇ ಹೊರತು ಮನೆಯಲ್ಲವೆಂದು ಅವಳಿಗೆ ಅನ್ನಿಸಿತು. ಕೆಳಗಿನ ಫ್ಲ್ಯಾಟಿನಲ್ಲಿ ಬಡಗಿಗಳು ಬಿಟ್ಟುಹೋದ ತೇಗದ ತುಂಡನ್ನು ತಂದು, ಕಲ್ಲಿನಿಂದ ಮೊಳೆ ಬಡಿದು ಕೂರಿಸಿದಳು. ಅಂದಿನಿಂದ ಪ್ರತಿ ಶುಕ್ರವಾರ ಅದನ್ನು ತೊಳೆದು ಅರಿಶಿನ ಹಚ್ಚಿ, ಎರಡು ತುದಿಗೂ ಕುಂಕುಮವಿಟ್ಟು, ನಡುವೆ ಹೂವಿಡುತ್ತಿದ್ದಳು. ಮೂರು ವರ್ಷ ಅವಳ ಜೊತೆಗಿದ್ದದ್ದು ಆ ಹಲಗೆ ಮತ್ತು ಆ ನೀರು. ಅಲ್ಲಿನವರು ಅವಳ ಸೀಮೆಯ ತೆಲುಗು ಕೇಳಿ ನಗುತ್ತಿದ್ದರು. ಮಾತಾಡಲು ಕನ್ನಡದವರಿರಲಿಲ್ಲ.

ಆಮೇಲೆ ದೊಡ್ಡ ಕ್ರಿಕೆಟ್ ಪಂದ್ಯ ಬಂತು. ಹೋಟೆಲುಗಳು ತುಂಬಿದವು, ಬಾಡಿಗೆ ಮೂರುಪಟ್ಟಾಯಿತು, ಸುತ್ತಲಿನ ಸೈಟುಗಳ ಬೆಲೆ ಏರಿತು. ಊರು ಬೆಳೆಯಿತೆಂದು ಪೇಪರುಗಳು ಬಣ್ಣದ ಚಿತ್ರ ಹಾಕಿದವು. ಬಂದವರು ಮಲಗಲೆಂದು ಎದ್ದುಹೋದವರು ಯಾರು, ಅವರು ಎಲ್ಲಿ ಮಲಗಿದರು ಎಂದು ಯಾವ ಪೇಪರೂ ಕೇಳಲಿಲ್ಲ. ಕೇಳಿದ್ದರೆ ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ, ಪಂಪ್ ರೂಮಿನಲ್ಲಿ, ಮೋಟಾರಿನ ಪಕ್ಕ ಚಾಪೆ ಹಾಸಿದ ಮೈಲಾರಮ್ಮ ಸಿಗುತ್ತಿದ್ದಳು. ಕೋಣೆಯನ್ನು ಬಾಡಿಗೆಗೆ ಕೊಡುವುದು ಒಂದು ವಾರದ ಮಟ್ಟಿಗೆ ಎಂದು ಉಮಾಮಹೇಶ್ವರ ಫೋನಿನಲ್ಲಿ ಹೇಳಿದ್ದ. ಅಲ್ಲಿ ಯಾರೋ ವಾಸವಿದ್ದರೆಂದು ಗಿರಾಕಿಗಳಿಗೆ ಹೇಳಬೇಡವೆಂದೂ ಎಚ್ಚರಿಸಿದ್ದ. ಕೋಣೆಗೆ ಸುಣ್ಣ ಬಣ್ಣವಾಯಿತು, ಅವಳ ದೀಪದ ಮಸಿ ಹೋಯಿತು. ಹಲಗೆ ಮಾತ್ರ ಉಳಿಯಿತು.

ಶುಕ್ರವಾರ ಬಂತು. ಹೋಗಬಾರದೆಂದು ಗೊತ್ತಿದ್ದೂ ಅವಳು ಬೆಳಗಿಗೆ ಮುಂಚೆ ಅರಿಶಿನದ ಡಬ್ಬಿ ಹಿಡಿದು ಐದು ಮಹಡಿ ಹತ್ತಿದಳು. ಒಂದು ಶುಕ್ರವಾರ ಬಿಟ್ಟರೆ ಕೋಣೆ ತನ್ನದಾಗಿ ಉಳಿಯದೆಂಬ ಹೆದರಿಕೆ. ಕುಂಕುಮ ಇಡುವಾಗ ಬಾಗಿಲು ತೆರೆಯಿತು. ಗಂಡನ ಜೊತೆ ಪಂದ್ಯ ನೋಡಲು ಬಂದಿದ್ದ ರಾಯದುರ್ಗದ ಚಂದ್ರಕಲಾ ಎದುರಿಗೆ ನಿಂತಿದ್ದಳು. ಅವಳ ಮನೆಯವರದು ಜೀನ್ಸ್ ಹೊಲಿಸುವ ವ್ಯವಹಾರ. ತೆಲುಗಿನಲ್ಲಿ ಏನೋ ಕೇಳಿದ ಆಕೆ, ಮೈಲಾರಮ್ಮನ ಬಾಯಿಂದ "ಅಯ್ಯೋ ಸಿವನೇ" ಎಂದು ಬಿದ್ದದ್ದು ಕೇಳಿ ಕನ್ನಡಕ್ಕೆ ಹೊರಳಿದಳು.

"ನಮ್ ಕಡಿಯಾರೇನ್ರಿ ನೀವು? ಇಲ್ಲಿ ಯಾಕ ಕುಂತೀರಿ?"

ಮೂರು ವರ್ಷದಲ್ಲಿ ಎದುರಿಗೆ ನಿಂತು ಯಾರೂ ಅವಳನ್ನು ಕನ್ನಡದಲ್ಲಿ ಮಾತಾಡಿಸಿರಲಿಲ್ಲ. ಇದು ನನ್ನ ಕೋಣೆ ಎಂದುಬಿಡಬಹುದಿತ್ತು. ಹೇಳಿದ್ದು ಬೇರೆ.

"ಗುಡಿಬಂಡೆ ಕಣಮ್ಮ. ಹೊಸ್ತಿಲು ಮಾತ್ರ ನಂದು."

ತಮಾಷೆಯೆಂದುಕೊಂಡು ಚಂದ್ರಕಲಾ ನಕ್ಕಳು. ಎಷ್ಟು ಚಂದ ಅದ ರೀ ಎಂದು ಹೊಗಳಿ, ಅರಿಶಿನ ಹಚ್ಚುವ ಕೈಯ ಫೋಟೊ ತೆಗೆದಳು. ಮಧ್ಯಾಹ್ನದ ಹೊತ್ತಿಗೆ ಆ ಫೋಟೊ, ಮನೆಯಂಥ ಆದರ ಎಂಬ ಹೊಗಳಿಕೆಯೊಂದಿಗೆ, ಕೋಣೆ ಬುಕ್ ಮಾಡುವ ಆ್ಯಪಿನಲ್ಲಿತ್ತು.

ವಾರ ಮುಗಿದ ಮೇಲೆ ಉಮಾಮಹೇಶ್ವರ ಫೋನ್ ಮಾಡಿದ. ಅವನ ದನಿಯಲ್ಲಿ ಹಬ್ಬವಿತ್ತು.

"ಅಕ್ಕಾ, ಆ ಫೋಟೊ ನೋಡಿ ಜನ ಮುಗಿಬೀಳ್ತಾವ್ರೆ. ಶುಕ್ರವಾರ ಯಾಕೆ, ಇನ್ಮೇಲೆ ದಿನಾ ಹಚ್ಚು."

"ನನ್ ರೂಮು?"

"ಮುಂದಿನ ಮ್ಯಾಚ್‌ಗಂಟ ಬುಕ್ ಆಗೋಗೈತೆ. ಪಂಪ್ ರೂಮಿಗೆ ಫ್ಯಾನ್ ಹಾಕಿಸ್ತೀನಿ ಬಿಡು."

ತನ್ನ ಹಕ್ಕು ಉಳಿಯಲೆಂದು ಇಟ್ಟ ಕುಂಕುಮವೇ ಕೋಣೆಯನ್ನು ಕಳೆದಿತ್ತು. ಒಬ್ಬ ಗಿರಾಕಿ ಹೋಗಿ ಇನ್ನೊಬ್ಬ ಬರುವ ನಡುವೆ ಅವಳು ಕಬ್ಬಿಣದ ಸಲಾಕೆಯಿಂದ ಮೊಳೆ ಎಬ್ಬಿಸಿ ಹಲಗೆಯನ್ನು ಕಿತ್ತಳು. ಹಳೇ ಸೀರೆಯಲ್ಲಿ ಸುತ್ತಿ ರೈಲು ಹತ್ತಿದಳು. ರೈಲಿಳಿದು ಬಸ್ಸು ಹಿಡಿದು ಮಡಕಶಿರದಲ್ಲಿ ಇಳಿದಾಗ ಉಮಾಮಹೇಶ್ವರನ ಅಂಗಡಿ ಎದುರಿಗೇ ಇತ್ತು. ಅವಳು ಅತ್ತ ತಿರುಗದೆ ಗುಡಿಬಂಡೆಯ ಆಟೊ ಹತ್ತಿದಳು.

ಹೊಸ್ತಿಲು ಕದ್ದಳೆಂದು ಅವನು ಒಂದೆರಡು ದಿನ ಫೋನಿನಲ್ಲಿ ಕೂಗಾಡಿ ಸುಮ್ಮನಾದ. ಹಿತ್ತಾಳೆಯ ತಗಡು ಹೊದಿಸಿದ ಹೊಸ ಹೊಸ್ತಿಲು ಹಾಕಿಸಿ, ಅರಿಶಿನ ಹಚ್ಚಲು ಬೇರೆ ಹೆಂಗಸನ್ನು ಇಟ್ಟನಂತೆ. ಫೋಟೊ ಮಾತ್ರ ಹಳೆಯದೇ. ಅದರಲ್ಲಿ ಮೈಲಾರಮ್ಮನ ಕೈಯಿದೆ, ಮುಖವಿಲ್ಲ.

ಬೀಗದಕೈ ತಂದುಕೊಟ್ಟ ಕಾಟಮ್ಮ ಗಂಟು ಬಿಚ್ಚಿಸಿ ನೋಡಿ, "ಅಷ್ಟು ದೂರ ಹೋಗಿ ಹಲಗೆ ತಂದ್ಯೇನೆ? ಒಂದು ಮೀನಾದ್ರೂ ತರಬಾರ್ದಿತ್ತಾ" ಎಂದು ನಗಾಡಿ ತನ್ನ ಮನೆಗೆ ಹೋದಳು. ಊರಿನ ಮನೆಗೆ ಕಲ್ಲಿನ ಹೊಸ್ತಿಲು ಮೊದಲೇ ಇತ್ತು. ಮೈಲಾರಮ್ಮ ತೇಗದ ತುಂಡನ್ನು ಅದರ ಪಕ್ಕ ಗೋಡೆಗೆ ಆನಿಸಿಟ್ಟಳು. ಈಗ ಶುಕ್ರವಾರ ಕಲ್ಲನ್ನು ತೊಳೆದಾದ ಮೇಲೆ ಅದನ್ನೂ ತೊಳೆಯುತ್ತಾಳೆ. ಅರಿಶಿನ ಹಚ್ಚುವುದಿಲ್ಲ. ಒಣಗುವವರೆಗೆ ಅದರ ಪಕ್ಕ ಕೂತಿರುತ್ತಾಳೆ.