ಬೆನ್ನು ಮಾಡಿ ನಿಂತಿದ್ದವಳು

ಚ್ಯಕ್. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅದು ಕ್ಯಾಮೆರಾದ ಸದ್ದಲ್ಲ. ಕ್ಯಾಮೆರಾದ ಹಾಗೆ ಕೇಳಿಸಲಿ ಎಂದು ಯಾರೋ ಒಂದು ಯಂತ್ರದೊಳಗೆ ತುಂಬಿಟ್ಟಿದ್ದ ಸದ್ದು. ಚಾಮರಾಜಪುರಂನ ನಮ್ಮ ಹಳೆಯ ಸ್ಟುಡಿಯೋದಲ್ಲಿ, ಊಟವಾದ ಮೇಲಿನ ಹೊತ್ತಿನಲ್ಲಿ, ಟಿವಿಯ ಸ್ಪೀಕರಿನಿಂದ ಬರುತ್ತಿತ್ತು. ಸ್ಟುಡಿಯೋದವರ ಮಗಳಾದ ನಾನು ನಿಜವಾದ ಕ್ಯಾಮೆರಾಗಳ ನಡುವೆಯೇ ಬೆಳೆದವಳು. ಅಪ್ಪನ ಕ್ಯಾಮೆರಾ ಪಕ್ಕದಲ್ಲಿ ನಿಂತವರಿಗೂ ತಿಳಿಯದಷ್ಟು ಮೆಲ್ಲಗೆ ಕಣ್ಣು ಮಿಟುಕಿಸುತ್ತಿತ್ತು. ಈ ಸುಳ್ಳು ಸದ್ದೇ ಜೋರು.

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಂಥದ್ದರಲ್ಲಿ ನಂಬಿಕೆ ಇರಲಿಲ್ಲ. ದೆವ್ವದ ಕಥೆ ಹೇಳುವ ಹುಡುಗಿಯರನ್ನು ಮೊಣಕಾಲೂರಿ ಕೂರಿಸುತ್ತಿದ್ದ ಸಿಸ್ಟರ್‌ಗಳ ಕಾನ್ವೆಂಟಿನಲ್ಲಿ ಓದಿದವಳು ನಾನು. ಆಮೇಲೆ ರಿಟೈರ್ ಆಗುವವರೆಗೂ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಗ್ರಾಮರ್ ಹೇಳಿಕೊಟ್ಟೆ. ಯಾರಾದರೂ ಮೈಮೇಲೆ ಬರುವುದು, ಕನಸಿನಲ್ಲಿ ಸೂಚನೆ ಸಿಗುವುದು ಎಂದೆಲ್ಲ ಶುರು ಮಾಡಿದರೆ "ನಾನ್ಸೆನ್ಸ್" ಎಂದು ಎದ್ದು ಹೋಗುತ್ತಿದ್ದೆ. ಈಗ ನಾನು ಹೇಳುವುದನ್ನು ಕೇಳಿ ನೀವೂ ಎದ್ದು ಹೋದರೆ ನನಗೆ ಬೇಸರವಿಲ್ಲ.

ಸ್ಟುಡಿಯೋ ಅಪ್ಪನದು. ಅಪ್ಪನ ನಂತರ ನನ್ನ ತಂಗಿ ನೀಲಾ ನಡೆಸಿದಳು. ತೊಂಬತ್ತರ ದಶಕದಲ್ಲಿ ಮೈಸೂರಿನಲ್ಲಿ ಸ್ವಂತ ಸ್ಟುಡಿಯೋ ಇಟ್ಟಿದ್ದ ಹೆಂಗಸರು ಅವಳಲ್ಲದೆ ಇನ್ನೊಬ್ಬರಿದ್ದರೋ ಇಲ್ಲವೋ, ನಾನಂತೂ ನೋಡಿಲ್ಲ. ನಾವಿಬ್ಬರೂ ಮದುವೆಯಾಗಲಿಲ್ಲ. ನನಗೆ ಗಂಡು ಒಪ್ಪಿಗೆಯಾಗಲಿಲ್ಲ, ಅವಳಿಗೆ ಪುರುಸೊತ್ತಾಗಲಿಲ್ಲ. ಹಾಗಂತ ಅವಳೇ ಎಲ್ಲರಿಗೂ ಹೇಳುತ್ತಿದ್ದಳು.

ಮದುವೆ, ನಾಮಕರಣಗಳ ಜೊತೆಗೆ ಅವಳಿಗೆ ಇನ್ನೊಂದು ಕೆಲಸವೂ ಬರುತ್ತಿತ್ತು. ನಮ್ಮ ವೀರಶೈವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ನಡುಮನೆಯಲ್ಲಿ ಹಲಗೆಗೆ ಒರಗಿಸಿ ಕೂರಿಸುತ್ತೇವೆ. ಹಣೆಗೆ ವಿಭೂತಿ ಹಚ್ಚಿ, ಹಾರ ಹಾಕಿ, ಮನೆಯವರೆಲ್ಲ ಅಕ್ಕಪಕ್ಕ ಕೂತು ಕೊನೆಯ ಫೋಟೋ ತೆಗೆಸಿಕೊಳ್ಳುವುದುಂಟು. ತೀರಿಕೊಂಡವರು ಹೆಂಗಸಾದರೆ ನೀಲಾಳನ್ನೇ ಕರೆಯುತ್ತಿದ್ದರು. ಭಾನುವಾರಗಳಲ್ಲಿ ಫ್ಲಾಷ್ ಹಿಡಿದು ಅವಳ ಹಿಂದೆ ನಿಲ್ಲುವುದು ನನ್ನ ಪಾಲಿನ ಕೆಲಸ.

ಆ ಕೆಲಸಕ್ಕೆ ಅಪ್ಪ ಒಂದು ಕಟ್ಟುಪಾಡು ಹಾಕಿಕೊಟ್ಟಿದ್ದರು. ಸಾವಿನ ಮನೆಯಲ್ಲಿ ಮೊದಲು ಪಕ್ಕದಲ್ಲಿ, ಹಿಂದೆ ನಿಂತು ಬೆಳಕು ನೋಡಿಕೊಳ್ಳಬೇಕು. ಕುತ್ತಿಗೆ ವಾಲದ ಹಾಗೆ ಮನೆಯವರು ಬಟ್ಟೆ ಕಟ್ಟಿ ಮುಖ ನೇರ ಮಾಡುವವರೆಗೆ ಎದುರಿಗೆ ಬರಬಾರದು. ಆದರೆ ಒಂದು ಸಲ ಕಣ್ಣಿಗೆ ಬಿದ್ದವರನ್ನು ಎದುರಿನಿಂದ ತೆಗೆಯದೆ ಹೊರಡಲೂಬಾರದು. ಮಂಡಕಳ್ಳಿಯ ಕಡೆಯ ಒಂದು ತೋಟದ ಮನೆಯಲ್ಲಿ ನೆಂಟರ ಜಗಳ ಶುರುವಾಗಿ, ಮಾರಾಮಾರಿಯೇ ಆಗುವಂತಿದ್ದರೂ ನಮ್ಮ ನೀಲಾ ಮಹಾರಾಯಿತಿ ಅಲ್ಲಾಡದೆ ನಿಂತು, ತೀರಿಕೊಂಡಿದ್ದ ಮುದುಕಿಯ ಫೋಟೋ ತೆಗೆದುಕೊಂಡೇ ಬಂದಳು. "ಅರ್ಧ ನೋಡಿ ಬಿಟ್ ಬಂದ್ರೆ ಅವರು ಕಾಯ್ತಾ ಇರ್ತಾರೆ ಕಣೇ" ಎಂದಿದ್ದಳು ವಾಪಸು ಬರುವಾಗ. ನಾನು ನಕ್ಕಿದ್ದೆ.

ಎರಡು ಸಾವಿರದ ಇಸವಿಯ ನಂತರ ಎರಡು ಕೆಡುಕು ಒಟ್ಟಿಗೆ ಬಂದವು. ಡಿಜಿಟಲ್ ಕ್ಯಾಮೆರಾ ಮನೆಮನೆಗೂ ಬಂತು. ನೀಲಾಳ ಕೈ ನಡುಗತೊಡಗಿತು. ಡಾಕ್ಟರು ಮಾತ್ರೆ ಕೊಟ್ಟರು, ನಡುಕ ನಿಲ್ಲಲಿಲ್ಲ. ಅವಳು ಅಳುತ್ತಾ ಕೂರುವ ಜಾತಿಯಲ್ಲ. ಕ್ಯಾಮೆರಾಗಳನ್ನೆಲ್ಲ ಬೀರುವಿಗೆ ಸೇರಿಸಿ, ಸ್ಟುಡಿಯೋದಲ್ಲಿ ಟಿವಿಗಳನ್ನಿಟ್ಟು ವಿಡಿಯೋ ಗೇಮ್ ಪಾರ್ಲರ್ ತೆರೆದಳು. ಆಗ ಅದೇ ಫ್ಯಾಷನ್. ಸಂಜೆ ಸ್ಕೂಲು ಬಿಟ್ಟರೆ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಧ್ಯಾಹ್ನ ಮಾತ್ರ ಖಾಲಿ.

ಆ ಖಾಲಿ ಹೊತ್ತಿನಲ್ಲಿ ಅವಳು ತಾನೇ ಆಡಲು ಕೂತಳು. ಕಾರ್ ರೇಸಿನ ಒಂದು ಗೇಮು. ರೇಸ್ ಅವಳಿಗೆ ಬೇಕಿರಲಿಲ್ಲ, ಕಾರನ್ನು ಬಂಡೆಗೆ ಗುದ್ದಿಸುವುದೇ ಹೆಚ್ಚು. ಆದರೆ ಅದರಲ್ಲಿ ಫೋಟೋ ಮೋಡ್ ಅಂತ ಒಂದಿತ್ತು. ಅದನ್ನು ಒತ್ತಿದರೆ ಆ ಲೋಕವೆಲ್ಲ ಇದ್ದಲ್ಲೇ ನಿಂತುಬಿಡುತ್ತದೆ. ಚಕ್ರದಿಂದ ಎದ್ದ ಧೂಳೂ ಗಾಳಿಯಲ್ಲಿ ಹಾಗೇ ನಿಲ್ಲುತ್ತದೆ. ಆಮೇಲೆ ನಿಮ್ಮ ಕೈಗೆ ಒಂದು ಕ್ಯಾಮೆರಾ ಸಿಗುತ್ತದೆ, ಕಣ್ಣಿಗೆ ಕಾಣದ ಕ್ಯಾಮೆರಾ. ನಿಂತ ಕಾರಿನ ಸುತ್ತ ಅದನ್ನು ಸುತ್ತಿಸಬಹುದು, ಬಗ್ಗಿಸಬಹುದು, ಬೆಳಕು ಹೆಚ್ಚು ಕಡಿಮೆ ಮಾಡಬಹುದು. ಬೇಕೆನಿಸಿದಾಗ ಗುಂಡಿ ಒತ್ತಿದರೆ ಚ್ಯಕ್. ಚಿತ್ರ ಮೆಮೊರಿ ಕಾರ್ಡಿನಲ್ಲಿ ಉಳಿಯುತ್ತದೆ.

ಅದರಲ್ಲಿ ಕೈ ಎಷ್ಟು ನಡುಗಿದರೂ ಚಿತ್ರ ಅಲುಗುತ್ತಿರಲಿಲ್ಲ. ಇದನ್ನು ಕಂಡುಕೊಂಡ ದಿನ ಅವಳ ಮುಖ ನೋಡಬೇಕಿತ್ತು ನೀವು. "ಅಕ್ಕಾ, ಬಾರೇ ಇಲ್ಲಿ! ಶೇಕೇ ಆಗಲ್ಲ ಕಣೇ!" ಎಂದು ಬೀದಿಗೆ ಕೇಳುವ ಹಾಗೆ ಕೂಗಿದಳು. ಆಮೇಲೆ ದಿನಾ ಇದೇ. ಒಂದು ಫೋಟೋಗೆ ಅರ್ಧ ಗಂಟೆ ಬೆಳಕು ನೋಡುವಳು. ಒದ್ದೆ ರಸ್ತೆಯಲ್ಲಿ ಕಾರಿನ ದೀಪ, ಸೇತುವೆಯ ಕೆಳಗಿನ ನೆರಳು, ಅದೂ ಇದೂ. ದೇ ವರ್ ಬ್ಯೂಟಿಫುಲ್, ಸುಳ್ಳು ಹೇಳಬಾರದು. ಆಗಲೇ ರಿಟೈರ್ ಆಗಿದ್ದ ನಾನು, ಊಟದ ಡಬ್ಬಿ ತಂದವಳು ಅಲ್ಲೇ ಕೂತು ನೋಡುತ್ತಿದ್ದೆ.

ರಸ್ತೆಯ ಬದಿಯಲ್ಲಿ ರೇಸ್ ನೋಡುವ ಜನರಿರುತ್ತಿದ್ದರು. ಹತ್ತಿರ ಹೋದರೆ ಅವರು ಬರೀ ರಟ್ಟಿನಂಥ ಬೊಂಬೆಗಳು. ವಿಚಿತ್ರವೆಂದರೆ ಕ್ಯಾಮೆರಾವನ್ನು ಎತ್ತ ತಿರುಗಿಸಿದರೂ ಅಷ್ಟೂ ಜನ ನಮ್ಮ ಕಡೆಗೇ ತಿರುಗುತ್ತಿದ್ದರು. ನನಗೆ ಒಂಥರಾ ಆಯಿತು. ನೀಲಾ ನಕ್ಕಳು. "ಕಟೌಟ್ ಕಣೇ ಅವು. ಪಕ್ಕದಿಂದ ನೋಡಿದ್ರೆ ತೆಳ್ಳಗೆ ಗೆರೆ ಥರ ಕಾಣ್ತವೆ ಅಂತ, ಯಾವಾಗ್ಲೂ ಕ್ಯಾಮೆರಾಗೇ ಮುಖ ಮಾಡೋ ಹಂಗೆ ಮಾಡವ್ರೆ. ಮೋಸ ಕಂಡುಹಿಡಿಯೋಕೆ ಫೋಟೋಗ್ರಾಫರೇ ಬೇಕು, ಟೀಚರಿಗೆ ಗೊತ್ತಾಗಲ್ಲ" ಎಂದಳು. ನನಗೂ ಅದು ಸರಿಯೆನಿಸಿತು.

ಆ ಗೇಮಿನಲ್ಲಿ ಒಂದು ಬೆಟ್ಟದ ರಸ್ತೆಯಿತ್ತು. ನಮ್ಮ ಚಾಮುಂಡಿ ಬೆಟ್ಟದ ರಸ್ತೆಯ ಹಾಗೇ ತಿರುವು, ತಡೆಗೋಡೆ, ಕೆಳಗೆ ಊರಿನ ದೀಪಗಳು. ಅದೊಂದು ಮಧ್ಯಾಹ್ನ ಅಲ್ಲಿನ ಒಂದು ತಿರುವಿನಲ್ಲಿ ಅವಳು ಕಾರು ನಿಲ್ಲಿಸಿ ಕ್ಯಾಮೆರಾ ಸುತ್ತಿಸುತ್ತಿದ್ದಳು. ತಡೆಗೋಡೆಯ ಹಿಂದಿನ ಜನರೆಲ್ಲ ಎಂದಿನಂತೆ ನಮ್ಮೊಂದಿಗೆ ತಿರುಗಿದರು. ಒಬ್ಬಳು ತಿರುಗಲಿಲ್ಲ.

ಅವಳು ಬೆನ್ನು ಮಾಡಿ ನಿಂತಿದ್ದಳು. ಮಸುಕು ನೀಲಿ ಬಟ್ಟೆ, ಸೀರೆಯೋ ಕೋಟೋ ಹೇಳುವುದು ಕಷ್ಟ. ತಲೆ ತಗ್ಗಿತ್ತು. ನೀಲಾ ಕ್ಯಾಮೆರಾವನ್ನು ಬಲಕ್ಕೆ ಒಯ್ದಳು, ಎಡಕ್ಕೆ ತಂದಳು. ಅವಳೊಬ್ಬಳು ಇದ್ದಲ್ಲೇ ಇದ್ದಳು. ನಾವು ಬಲಕ್ಕೆ ಹೋದಾಗ ಅವಳ ಬಲ ಭುಜ ಕಂಡಿತು, ಎಡಕ್ಕೆ ಬಂದಾಗ ಎಡ ಭುಜ. ರಟ್ಟಿನ ಬೊಂಬೆಯಾಗಿದ್ದರೆ ಹಾಗೆ ಕಾಣಲು ಸಾಧ್ಯವಿಲ್ಲ, ಅಲ್ಲವೇ?

"ಯಾರೋ ಮಹಾತಾಯಿ, ರೇಸ್ ಬುಟ್ಟು ನೆಲ ನೋಡ್ತಾ ನಿಂತವ್ಳೆ" ಎಂದು ನೀಲಾ ನಕ್ಕಳು. ನನಗೆ ನಗು ಬರಲಿಲ್ಲ. ಆ ಬೆನ್ನು ನನಗೆ ಗೊತ್ತಿತ್ತು.

ಎಡ ಭುಜ ಬಲ ಭುಜಕ್ಕಿಂತ ಒಂದಿಷ್ಟು ಕೆಳಗೆ. ಮೊಣಕೈಗಳು ಪಕ್ಕೆಗೆ ಒತ್ತಿಕೊಂಡು, ಕುತ್ತಿಗೆ ಬಗ್ಗಿಸಿ, ಹೊಟ್ಟೆಯ ಮಟ್ಟದಲ್ಲಿ ಏನನ್ನೋ ನೋಡುತ್ತಿರುವ ನಿಲುವು. ಅಪ್ಪನ ಹಳೆಯ ಪೆಟ್ಟಿಗೆ ಕ್ಯಾಮೆರಾವನ್ನು ಹಾಗೆಯೇ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕಿತ್ತು. ಎಷ್ಟೋ ಭಾನುವಾರ, ಎಷ್ಟೋ ಸಾವಿನ ಮನೆಗಳಲ್ಲಿ ಫ್ಲಾಷ್ ಎತ್ತಿ ಹಿಡಿದು ನಾನು ನೋಡುತ್ತಾ ನಿಂತದ್ದು ಇದೇ ಬೆನ್ನನ್ನು. ನೀಲಾಳಿಗೆ ತನ್ನದೇ ಬೆನ್ನಿನ ಗುರುತು ಸಿಗಲಿಲ್ಲ. ಹೇಗೆ ಸಿಕ್ಕೀತು? ಎಲ್ಲರ ಫೋಟೋ ತೆಗೆದವಳ ಬೆನ್ನಿನ ಫೋಟೋ ಯಾರು ತೆಗೆದಿದ್ದರು?

ನಾನು ಬಾಯಿ ಬಿಡಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಬಿ ಸೆನ್ಸಿಬಲ್, ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಮನೆಗೆ ಬಂದು ಅನ್ನಕ್ಕೆ ಇಡುವಾಗಲೂ ಒಂದೇ ಯೋಚನೆ. ಅವಳು ಆ ಮುಖ ನೋಡಬಾರದು. ನೋಡಿದರೆ ನನ್ನ ತಂಗಿ ನನಗೆ ಉಳಿಯುವುದಿಲ್ಲ.

ಅವಳೋ, ಪಟ್ಟು ಹಿಡಿದು ಕೂತಳು. ಆ ಕ್ಯಾಮೆರಾ ಕಾರಿನಿಂದ ಇಷ್ಟೇ ದೂರ ಹೋಗಬಹುದು ಎಂಬ ಮಿತಿಯಿತ್ತು. ತಡೆಗೋಡೆಯ ಆಚೆಗೆ, ಆ ಹೆಂಗಸಿನ ಎದುರಿಗೆ ಅದು ತಲುಪುತ್ತಿರಲಿಲ್ಲ. ಹಾಗಾಗಿ ನೀಲಾ ದಿನಾ ಅದೇ ತಿರುವಿಗೆ ಹೋಗಿ ಕಾರನ್ನು ಗೋಡೆಗೆ ಇನ್ನೂ ಹತ್ತಿರ, ಇನ್ನೂ ಹತ್ತಿರ ನಿಲ್ಲಿಸತೊಡಗಿದಳು. ಪ್ರತಿದಿನ ಕ್ಯಾಮೆರಾ ಒಂದಿಷ್ಟು ಮುಂದೆ ಸರಿಯುತ್ತಿತ್ತು. ಒಂದು ದಿನ ಕಿವಿ ಕಂಡಿತು. ಇನ್ನೊಂದು ದಿನ ಕೆನ್ನೆಯ ಅಂಚು.

ನಾನು ಬೇರೆ ಗೇಮ್ ಆಡು ಎಂದೆ, ಕಣ್ಣು ಹಾಳಾಗುತ್ತದೆ ಎಂದೆ, ಮೈ ಹುಷಾರಿಲ್ಲ ಮನೆಗೆ ಬಾ ಎಂದೆ. ಕೊನೆಗೆ ಬಾಯಿ ಬಿಟ್ಟು ಬೇಡಿಕೊಂಡೆ.

"ಬೇಡ ಕಣೇ ನೀಲಾ. ಬುಟ್ಬುಡು ಅದನ್ನ."

"ಯಾಕೆ?"

"ನಂಗೆ ಭಯ ಆಗುತ್ತೆ."

"ಅಯ್ಯೋ ನಿನ್ನ! ಸಿಸ್ಟರ್‌ಗಳು ಕೇಳಿದ್ರೆ ಮೊಣಕಾಲೂರಿಸ್ತಿದ್ರು. ಬೆನ್ನು ನೋಡಿ ಆಗಿದೆ ಅಕ್ಕ. ಎದುರಿಗೆ ಹೋಗ್ದೆ ಹೆಂಗೆ ಬಿಡ್ಲಿ? ಅಪ್ಪ ಸುಮ್ನಿರ್ತಿದ್ರಾ?"

ಬೊಂಬೆಗೆ ಯಾವ ಕಟ್ಟುಪಾಡು ಎಂದು ನಾನು ರೇಗಿದೆ. ಅವಳು ಕಾರನ್ನು ಗೋಡೆಗೆ ಇನ್ನೊಂದಿಷ್ಟು ಒತ್ತಿ ನಿಲ್ಲಿಸಿದಳು. ಆಗಲೇ ತಿಳಿಯಿತು, ಇದು ಅವಳಿಗೆ ಆಟವಾಗಿ ಉಳಿದಿಲ್ಲ, ಕರೆ ಬಂದ ಮನೆಯ ಕೆಲಸವಾಗಿದೆ ಎಂದು.

ಆ ದಿನ ಬಿಸಿಲು ಜೋರಿತ್ತು. ಒಳಗೆ ಸೆಖೆಯೆಂದು ಫ್ಯಾನು ಹಾಕಿ, ಬೆಳಕು ಬೀಳದಿರಲೆಂದು ಶಟರನ್ನು ಅರ್ಧ ಇಳಿಸಿದ್ದಳು. ನಾನು ಬಗ್ಗಿ ಒಳಗೆ ಹೋಗುವಾಗ ಕಾರು ಗೋಡೆಗೆ ಅಂಟಿಕೊಂಡಂತೆ ನಿಂತಿತ್ತು. ಕ್ಯಾಮೆರಾ ತಡೆಗೋಡೆಯನ್ನು ದಾಟಿ ಆಗಿತ್ತು. ಅದು ಮೆಲ್ಲಗೆ ಆ ಭುಜವನ್ನು ಬಳಸಿಕೊಂಡು ಮುಂದಕ್ಕೆ ಹೋಗುತ್ತಿತ್ತು, ಸುತ್ತಲಿನ ಜನರೆಲ್ಲ ಅದರೊಂದಿಗೆ ತಿರುಗುತ್ತಿದ್ದರು. ನಾನು ಟಿವಿಯಿಂದ ಕಣ್ಣು ಕಿತ್ತು ನೀಲಾಳ ಮುಖ ನೋಡಿದೆ. ಆಮೇಲೆ ನಡೆದದ್ದನ್ನು ನಾನು ಕಂಡದ್ದು ಅವಳ ಮುಖದಲ್ಲಿ ಮಾತ್ರ.

ಅವಳ ನಗು ನಿಂತಿತು. ಹೆದರಿದ ಹಾಗೇನೂ ಕಾಣಲಿಲ್ಲ. ಯಾರೋ ಕರೆದದ್ದಕ್ಕೆ ತಲೆಯೆತ್ತಿದವರಂತೆ ನೋಡಿದಳು. ಕೈ ನಡುಗುತ್ತಿರಲಿಲ್ಲ, ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆಮೇಲೆ ಸಾವಿನ ಮನೆಯಲ್ಲಿ ಮಾತ್ರ ಆಡುತ್ತಿದ್ದ ಆ ತಗ್ಗಿದ ದನಿಯಲ್ಲಿ, ಯಾರಿಗೋ ಹೇಳಿದಳು: "ಗದ್ದ ಒಂಚೂರು ಮೇಲೆತ್ತಿ."

ತಡೆದಳು. ಅಲ್ಲೇನೋ ಸರಿಹೋಗುವುದನ್ನು ಕಾದಂತಿತ್ತು.

"ಹಾಂ. ಸಾಕು."

ಚ್ಯಕ್.

ಟಿವಿ ಆರಿಸಿ ಎದ್ದಳು. ಯಾರೇ ಅದು ಎಂದೆ. "ಯಾರೂ ಅಲ್ಲ ಬುಡು. ಚೆನ್ನಾಗಿ ಬಂತು" ಎಂದಳು. ಇನ್ನೆರಡು ಸಲ ಕೇಳಿದ್ದಕ್ಕೆ ನನ್ನ ಕೈ ಹಿಡಿದು ಅದುಮಿ, ಕಾಫಿ ಕುಡಿಯೋಣ ನಡೆ ಎಂದಳಷ್ಟೆ. ಮತ್ತೆಂದೂ ಆ ಗೇಮನ್ನು ಅವಳು ಆಡಿದ್ದನ್ನು ನಾನು ನೋಡಲಿಲ್ಲ.

ಆ ತಿಂಗಳು ಮುಗಿಯುವ ಮೊದಲೇ, ಒಂದು ಮಧ್ಯಾಹ್ನ, ಸ್ಟುಡಿಯೋದಲ್ಲೇ ಅವಳು ಹೋಗಿಬಿಟ್ಟಳು. ಹಾರ್ಟ್ ಎಂದರು. ನಮ್ಮ ಪದ್ಧತಿಯಂತೆ ಕೂರಿಸಿದರು. ಫೋಟೋಗೆ ಬಂದವನು ಸೀದಾ ಎದುರಿಗೆ ಬಂದು ನಿಂತ. ಮುಂದೆ ಬಂದು ಕೂತ್ಕೊಳ್ಳಿ ಎಂದು ಎಲ್ಲರೂ ನನ್ನನ್ನು ಕರೆದರು. ನಾನು ಅವಳ ಹಿಂದೆಯೇ ಕೂತಿದ್ದೆ, ಏಳಲಿಲ್ಲ.

ಆಮೇಲೆ ಪಾರ್ಲರ್‌ನ ಸಾಮಾನು ಕೊಳ್ಳಲು ಬಂದವರು ಎಲ್ಲವನ್ನೂ ಹಾಕಿ ಪರೀಕ್ಷಿಸಿದರು. "ಮೇಡಂ, ಕಾರ್ಡ್ ತುಂಬಾ ರೋಡ್ ಫೋಟೋನೇ ಇದಾವೆ. ಅಳಿಸ್ಬುಡ್ಲಾ?" ಎಂದರು. ನಾನು ಬಾಗಿಲ ಕಡೆ ಮುಖ ಮಾಡಿ, ಕೊನೆಯ ಫೋಟೋದಲ್ಲಿ ಏನಿದೆ ಎಂದು ಕೇಳಿದೆ. ಬೆನ್ನು ತಿರುಗಿಸಿ ನಿಂತ ಯಾರಾದರೂ ಇದ್ದಾರೆಯೇ ಎಂದೂ ಕೇಳಿದೆ. ಅವರು ನೋಡಿದರು. "ಇಲ್ಲ ಮೇಡಂ, ರಸ್ತೆ ಪಕ್ಕ ಜನ ಅಷ್ಟೇ. ಎಲ್ಲ ನಮ್ ಕಡೆಗೇ ನೋಡ್ತಾವ್ರೆ." ನಾನು ತಿರುಗಲಿಲ್ಲ. ಅಳಿಸಿ ಎಂದೆ.

ಕಂಪ್ಯೂಟರ್ ತಿಳಿದವರನ್ನು ಕೇಳಿದ್ದೇನೆ. ಒಂದು ಬೊಂಬೆಯನ್ನು ಕೂರಿಸುವಾಗ ಏನೋ ತಪ್ಪಾಗಿರಬೇಕು, ಅದಕ್ಕೆ ಅದು ತಿರುಗಲಿಲ್ಲ ಎಂದರು. ಇರಬಹುದು. ಹಾಗಾದರೆ ಆ ಭುಜ? ಹಾಗಾದರೆ ಅವಳು ಗದ್ದ ಎತ್ತಲು ಹೇಳಿದ್ದು ಯಾರಿಗೆ?

ಅವಳನ್ನು ನಾನು ಜೀವಂತವಾಗಿ ಕೊನೆಯ ಸಲ ನೋಡಿದ್ದು ಅವಳು ತೀರಿಕೊಂಡ ದಿನ ಬೆಳಗ್ಗೆ. "ಸಾರಿಗೆ ಉಪ್ಪು ಕಮ್ಮಿ ಹಾಕ್ಬೇಡ, ನಿನ್ ಬಿಪಿಗೆ ನಾನ್ಯಾಕೆ ಸಪ್ಪೆ ತಿನ್ಲಿ" ಎಂದು ಅಡುಗೆಮನೆಗೆ ಕೂಗಿ ಹೊರಟಳು. ಡಬ್ಬಿಗೆ ಏನು ಬೇಕೆಂದು ಕೇಳಲು ನಾನು ಗೇಟಿನವರೆಗೆ ಓಡಿದೆ. ಅಷ್ಟರಲ್ಲಿ ಅವಳು ಬೀದಿಯ ಅರ್ಧ ದಾಟಿದ್ದಳು. ನೀಲಿ ವಾಯಿಲ್ ಸೀರೆ ಉಟ್ಟಿದ್ದಳು. ಮೊಬೈಲಿನಲ್ಲಿ ಏನನ್ನೋ ನೋಡುತ್ತಿದ್ದಳೇನೋ, ತಲೆ ತಗ್ಗಿತ್ತು. ಕರೆಯಬೇಕೆಂದು ಬಾಯಿ ತೆರೆದೆ. ಕರೆದರೆ ಅವಳು ತಿರುಗುತ್ತಾಳೆ. ಆ ಬಿಸಿಲಿನಲ್ಲಿ, ಹಾಲಿನವರೂ ಸೊಪ್ಪಿನವರೂ ಓಡಾಡುತ್ತಿದ್ದ ನಮ್ಮದೇ ಬೀದಿಯಲ್ಲಿ, ನನ್ನ ಸ್ವಂತ ತಂಗಿ ತಿರುಗಿ ನನ್ನ ಕಡೆ ನೋಡುತ್ತಾಳೆಂದು ನನಗೆ ಭಯವಾಯಿತು. ಗೇಟಿನ ಸರಳು ಹಿಡಿದುಕೊಂಡು ಸುಮ್ಮನೆ ನಿಂತೆ. ಅವಳು ಮೂಲೆಯಲ್ಲಿ ಎಡಕ್ಕೆ ಹೊರಳಿದಳು.