ಕರೆದವರ ಹಿಂದೆ ನಾನಿದ್ದೆ

ವಸಂತಿ, ಆ ರಿಪೋರ್ಟುಗಳು ಹೋದದ್ದು ನನ್ನಿಂದ. ಅಳಿಸಿದ್ದು ನಿನ್ನ ಪ್ರೋಗ್ರಾಮೇ ಇರಬಹುದು — ಅಳಿಸು ಎಂದು ಅದನ್ನು ಕರೆದದ್ದು ನನ್ನ ಪ್ರೋಗ್ರಾಮು. ಅದು ನನಗೆ ಆ ದಿನವೇ ಗೊತ್ತಿತ್ತು.

ಮೂಡುಬಿದಿರೆಯ ಆ ಮಹಡಿಯ ಆಫೀಸು. ಪ್ರತಿಯೊಬ್ಬರೂ ತಾವು ಬರೆದ ಪ್ರೋಗ್ರಾಮಿಗೆ ತಮ್ಮ ಹೆಸರನ್ನೇ ಇಡಬೇಕೆಂಬುದು ನಮ್ಮ ಸರ್ ಮಾಡಿದ ಪದ್ಧತಿ. "ದನಕ್ಕೆ ಗಂಟೆ ಕಟ್ಟಿದ ಹಾಗೆ, ಯಾರದ್ದು ಎಲ್ಲಿ ನುಗ್ಗಿತೂಂತ ಗೊತ್ತಾಗ್ತದೆ" ಎನ್ನುತ್ತಿದ್ದರು. ನೀನು ನಾರಾವಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹೊಸಬಳು. ಬೇಡದ್ದನ್ನು ಗುಡಿಸಿ ಹಾಕುವ ನಿನ್ನ ಪ್ರೋಗ್ರಾಮನ್ನು ನಾವೆಲ್ಲ 'ವಸಂತಿಯ ಹಿಡಿಸೂಡಿ' ಎಂದು ತಮಾಷೆ ಮಾಡುತ್ತಿದ್ದೆವು, ನೀನೂ ನಗುತ್ತಿದ್ದೆ.

ಒಂದು ಬೆಳಿಗ್ಗೆ, ನಮ್ಮ ಪ್ರೋಗ್ರಾಮುಗಳನ್ನು ಬಳಸುತ್ತಿದ್ದ ಬೆಳ್ತಂಗಡಿಯ ಲ್ಯಾಬಿನವರು ಫೋನ್ ಮಾಡಿದರು. ಸಕ್ಕರೆ ಕಾಯಿಲೆಯವರ ಹಳೆಯ ರಕ್ತಪರೀಕ್ಷೆಯ ರಿಪೋರ್ಟುಗಳೆಲ್ಲ ಮಾಯ. ಸರ್ ನನ್ನ ಮೇಜಿನ ಹತ್ತಿರ ಬಂದು, "ಕಥೆ ಬೇಡ ಮಾರಾಯ, ಯಾರ ಪ್ರೋಗ್ರಾಮ್ ಅಂತ ಹೆಸರು ಹೇಳು" ಎಂದರು.

ಏನನ್ನೇ ಅಳಿಸಬೇಕಾದರೂ ನಮ್ಮೆಲ್ಲರ ಪ್ರೋಗ್ರಾಮುಗಳು ಕೆಲಸಕ್ಕೆ ಕರೆಯುತ್ತಿದ್ದದ್ದು ಒಂದೇ ಪ್ರೊಸೀಜರನ್ನು; ಅದರೊಳಗೆ ನಾನು ಒಂದು ಸಾಲು ಸೇರಿಸಿದೆ — ಓಡುತ್ತಿರುವಾಗಲೇ, ತನ್ನನ್ನು ಕರೆದದ್ದು ಯಾರೆಂದು ಅದು ತೋರಿಸಬೇಕು. ಸುಳ್ಳು ರೋಗಿಗಳ ಹೆಸರು ತುಂಬಿ ಎಲ್ಲವನ್ನೂ ಓಡಿಸಿದಾಗ ನಿನ್ನ ಹೆಸರು ಬಂತು. ಅಷ್ಟಕ್ಕೆ ನಿಲ್ಲಿಸಲಿಲ್ಲ ನಾನು. ನಿನ್ನದನ್ನು ಕರೆದದ್ದು ಯಾರು ಎಂದು ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿದೆ. ನನ್ನ ಹೆಸರು. ತಿಂಗಳ ಕೊನೆಗೆ ಓಡುವ ನನ್ನ ಪ್ರೋಗ್ರಾಮು ತಪ್ಪು ತಾರೀಕು ಕೊಟ್ಟು ನಿನ್ನದನ್ನು ಕರೆದಿತ್ತು. ಹೇಳಿದಷ್ಟನ್ನು ಅದು ಗುಡಿಸಿತ್ತು, ಪಾಪ.

ಆ ಎರಡನೆಯ ಹೆಜ್ಜೆಯನ್ನು ಪರದೆಯಿಂದ ಅಳಿಸಿದೆ. ಆಮೇಲೆ ಸರ್ ಅವರನ್ನು ಕರೆದೆ. ಆಫೀಸಿನವರೆಲ್ಲ ಬಂದು ಸುತ್ತ ನಿಂತರು, ನೀನೂ.

ಪರದೆಯ ಮೇಲೆ ನಿನ್ನ ಹೆಸರು ನೋಡಿ ನೀನು ಬಹಳ ಮೆಲ್ಲನೆ ಕೇಳಿದೆ, "ಅಣ್ಣಾ, ನನ್ನದು ತನ್ನಷ್ಟಕ್ಕೇ ಓಡುವುದಿಲ್ಲವಲ್ಲ? ಅದನ್ನೂ ಯಾರಾದರೂ ಕರೆದಿರಬೇಕಲ್ಲ?"

ನಾನು ಹೇಳಿದೆ — ಈ ಬಾಯಿಂದಲೇ — "ಹೆಸರು ಬಂದಾಯ್ತಲ್ಲ, ಇನ್ನೆಂತ ನೋಡ್ಲಿಕ್ಕುಂಟು?"

ಮರುದಿನದಿಂದ ನೀನು ಬರುವುದು ಬೇಡವೆಂದಾಯಿತು. ನನ್ನ ತಾರೀಕನ್ನು ನಾನು ಸದ್ದಿಲ್ಲದೆ ಸರಿಮಾಡಿದೆ. ಆ ವರ್ಷ ನನಗೆ ಬಡ್ತಿಯೂ ಸಿಕ್ಕಿತು.

ಮೊನ್ನೆ ಗುರುವಾಯನಕೆರೆಯ ಬಟ್ಟೆ ಅಂಗಡಿಯಲ್ಲಿ ನಿನ್ನನ್ನು ಕಂಡೆ. ಬಿಲ್ಲು ಮಾಡುವ ಕಂಪ್ಯೂಟರಿನ ಹತ್ತಿರ ಬೇರೆ ಹುಡುಗಿ; ನೀನು ಸೀರೆ ಮಡಚುತ್ತಿದ್ದೆ. "ನೀನೇ ಕೂತುಕೊಳ್ಳಬಹುದಲ್ಲ" ಎಂದೆ. "ಬೇಡ ಅಣ್ಣಾ, ನನ್ನ ಕೈಗೆ ಅದು ಆಗಿಬರುವುದಿಲ್ಲ. ನಿಮಗೆ ಗೊತ್ತುಂಟಲ್ಲ" ಎಂದು ನೀನು ನಕ್ಕೆ. ಅಂದರೆ, ಇಷ್ಟು ವರ್ಷ... ನಾನು ಹೇಳಿದ್ದನ್ನು ನೀನು ನಂಬಿಬಿಟ್ಟಿದ್ದೆ. ಅಲ್ಲಿಯೂ ನಾನು ಬಾಯಿ ಬಿಡಲಿಲ್ಲ.

ಸರ್ ಈಗ ಬಂಟ್ವಾಳದಲ್ಲಿ ಮಗಳ ಮನೆಯಲ್ಲಿದ್ದಾರೆ. ಹೋಗಿ ಹೇಳಿದೆ. "ಈಗ ಹೇಳಿ ಎಂತ ಪ್ರಯೋಜನ ಮಾರಾಯ" ಎಂದರು. ಪ್ರಯೋಜನ ಇಲ್ಲ, ನನಗೂ ಗೊತ್ತು.

ನಿನ್ನ ಅಂಗಡಿಗೆ ಬರುತ್ತೇನೆ ವಸಂತಿ. ಜನ ಇರುವ ಹೊತ್ತಿಗೇ ಬಂದು ಹೇಳುತ್ತೇನೆ — ನಾನು ನಿನ್ನ ತಲೆ ತಗ್ಗಿಸಿದ್ದೂ ಎಲ್ಲರ ಎದುರೇ ಅಲ್ಲವೇ.