ತೋಕಿಲುಪೆ ಬರೆದ ಪಿಕಪ್ ಗಾಡಿ

ದೋಣಿ ಬರುವ ದಿನ ನಮ್ಮ ಎಉವಾ ದ್ವೀಪದ ದಕ್ಕೆಯ ಮೇಲೆ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಹೆಂಗಸು ಓಡಿಸುತ್ತಾಳೆ. ಅವಳೇ ತೋಕಿಲುಪೆ. ಗಂಡ ಸೇಫೊ ಮೀನಿಗೆಂದು ಹೋದವನು ತಿರುಗಿ ಬರಲಿಲ್ಲ. ಸೊಂಟಕ್ಕೆ ಸುತ್ತಿದ ಸೂತಕದ ಚಾಪೆಯನ್ನೂ ಬಿಚ್ಚದೆ ಅವಳು ಅವನ ಪಿಕಪ್ ಗಾಡಿಯ ಸ್ಟೀರಿಂಗ್ ಹಿಡಿದಳು. ಮೊದಲ ವಾರವೇ ಹಿಂದಕ್ಕೆ ತೆಗೆಯಲು ಹೋಗಿ ನೆರೆಯ ಕಲೊಲೈನೆಯ ಮನೆಯ ದೀವಿಹಲಸಿನ ಮರಕ್ಕೆ ಗುದ್ದಿದಳು. ಹಿಂಬದಿಯ ತಗಡು ಒಳಕ್ಕೆ ನೆಗ್ಗಿತು. ಅದನ್ನು ಸರಿಮಾಡಿಸುವ ಗೊಡವೆಗೆ ಅವಳು ಹೋಗಲೇ ಇಲ್ಲ.

ಸೇಫೊನ ತಮ್ಮ ಫೆಲೆಟಿಗೆ ಆ ಗಾಡಿಯ ಮೇಲೆ ಕಣ್ಣಿತ್ತು.

"ಅತ್ತಿಗೆ, ಅಣ್ಣನ ಗಾಡಿ ಅದು. ಕೀ ಕೊಟ್ಬಿಡಿ. ಊರವರೆಲ್ಲ ನಗ್ತಿದಾರೆ."

"ನಗೋರಿಗೆ ಹಲ್ಲಿದೆ, ನಗ್ತಾರೆ. ಗಾಡಿ ನಿಮ್ಮಣ್ಣಂದು ನಿಜ. ಒಂದು ದಿನಾನಾದ್ರೂ ಅದಕ್ಕೆ ಎಣ್ಣೆ ಬಿಟ್ಟಿದ್ನಾ ನಿಮ್ಮಣ್ಣ? ಅವನು ಬದುಕಿದ್ದಾಗ್ಲೂ ಅದರ ಹೊಟ್ಟೆ ನೋಡ್ಕೊಂಡವಳು ನಾನೇ. ಹೋಗು, ನಿನ್ನ ಹಂದಿಗಳಿಗೆ ಹಸಿವಾಗಿದೆ."

ವರ್ಷಕ್ಕೆ ಎರಡು ಮೂರು ಸಲ ಇದೇ ಮಾತು ನಡೆಯುತ್ತಿತ್ತು. ಅವಳು ಕೀಯನ್ನು ರವಿಕೆಯೊಳಗೆ ಇಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡಳು.

ಕಲೊಲೈನೆಯ ಮಗಳು ಸೀಲಿಯಾಳಿಗೆ ವವಾಉ ದ್ವೀಪದ ಹುಡುಗನೊಂದಿಗೆ ಮದುವೆ ಗೊತ್ತಾಯಿತು. ಮದುವೆಯೆಂದರೆ ದೊಡ್ಡದೊಂದು ತೊಗಟೆಬಟ್ಟೆ ಬೇಕೇ ಬೇಕು. ನಾವು ಹೆಂಗಸರು ಹಳೆಯ ಕೊಟ್ಟಿಗೆಯಲ್ಲಿ ಕುಳಿತು ತೊಗಟೆ ಬಡಿಯುತ್ತಿದ್ದೆವು, ಹಾಳೆಗೆ ಹಾಳೆ ಅಂಟಿಸುತ್ತಿದ್ದೆವು. ಬಟ್ಟೆಯ ಚೌಕಗಳಲ್ಲಿ ಯಾರು ಯಾವ ಚಿತ್ರ ಬರೆಯಬೇಕೆಂಬ ಮಾತು ಬಂದಾಗ ಗುಂಪಿನ ಹಿರಿಯಳಾದ ಕಲೊಲೈನೆ ಒಬ್ಬೊಬ್ಬರಿಗೂ ಹೇಳುತ್ತಾ ಹೋದಳು. ಒಬ್ಬಳಿಗೆ ಪಾರಿವಾಳ, ಒಬ್ಬಳಿಗೆ ಹೂಮಾಲೆ, ನನಗೆ ಸಿಂಹ.

"ನಾನು ಪಿಕಪ್ ಬರೀತೀನಿ" ಎಂದಳು ತೋಕಿಲುಪೆ.

ಬಡಿಯುವ ಕೊಡತಿಗಳೆಲ್ಲ ನಿಂತವು.

"ಮದುವೆ ಬಟ್ಟೆ ಮೇಲಾ? ನಿಂಗೆ ತಲೆ ನೆಟ್ಟಗಿದೆಯಾ?" ಎಂದಳು ಕಲೊಲೈನೆ. "ನಮ್ಮಜ್ಜಿಯರು ಬರೆದದ್ದನ್ನ ಬರಿ."

"ಅಕ್ಕಾ, ಈ ದ್ವೀಪದಲ್ಲಿ ಸಿಂಹ ನೋಡಿದೋರು ಯಾರಿದಾರೆ ಹೇಳು. ನೀನು ನೋಡಿದೀಯಾ? ಪಕ್ಕದಲ್ಲಿ ಕೂತಿದಾಳಲ್ಲ, ಸಿಂಹ ಬರೆಯೋಳು, ಇವಳು ನೋಡಿದಾಳಾ? ನಿನ್ನ ಸೀಲಿಯಾಗೆ ಹೊಟ್ಟೆನೋವು ಬಂದು ಮುರುಟಿ ಬಿದ್ದಾಗ ಆಸ್ಪತ್ರೆಗೆ ಹೊತ್ಕೊಂಡು ಹೋಗಿದ್ದು ಸಿಂಹಾನಾ?"

ಯಾರೋ ಕಿಸಕ್ಕನೆ ನಕ್ಕರು. ಕಲೊಲೈನೆಯ ಮುಖ ಕೆಂಪಾಯಿತು. "ಆಯ್ತು, ಬರಿ. ಆದ್ರೆ ನೋಡಿದೋರು ಅದನ್ನ ಗಾಡಿ ಅನ್ಬೇಕು. ಅನ್ನದೇ ಹೋದ್ರೆ ನಿನ್ನ ಚೌಕದಲ್ಲೂ ಪಾರಿವಾಳಾನೇ."

ತೋಕಿಲುಪೆ ಜನ್ಮದಲ್ಲಿ ಚಿತ್ರ ಬರೆದವಳಲ್ಲ. ಅಂಗಡಿ ಮುಂದಿನ ಸಿಮೆಂಟು ಕಟ್ಟೆಯ ಮೇಲೆ ಇದ್ದಿಲು ಹಿಡಿದು ಕುಳಿತಳು. ಮೊದಲ ಗಾಡಿಗೆ ನಾಲ್ಕು ಚಕ್ರಗಳನ್ನೂ ಒಂದೇ ಸಾಲಿನಲ್ಲಿ ಬರೆದಳು. ಎರಡು ದೀಪ, ಎರಡು ಬಾಗಿಲು, ಸೀಟು, ಗೇರು, ಹಿಂದೆ ತುಂಬಿದ ಗೆಡ್ಡೆಯ ಮೂಟೆಗಳು, ತನಗೆ ಗೊತ್ತಿದ್ದದ್ದೆಲ್ಲವನ್ನೂ ಅದರೊಳಗೆ ತುರುಕಿದಳು. ದಾರಿಹೋಕರು ನಿಂತು ನೋಡಿದರು.

"ಮರಿ ಹಾಕಿದ ಹಂದಿ ಚೆನ್ನಾಗಿ ಬಂದಿದೆ" ಎಂದನೊಬ್ಬ.

ಮರುದಿನದ್ದು ಇಸ್ತ್ರಿಪೆಟ್ಟಿಗೆಯಾಯಿತು. ಅದರ ಮಾರನೆಯ ದಿನದ್ದನ್ನು ನೋಡಿ ಫೆಲೆಟಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅತ್ತಿಗೆ, ಇದು ಶವಪೆಟ್ಟಿಗೆ ಅಲ್ವಾ? ಬರೆಯೋಕೂ ಬರಲ್ಲ, ಓಡಿಸೋಕೂ ಬರಲ್ಲ."

"ನಗ್ತಾ ಇರು. ನಿನ್ನ ನಗು ಮುಗಿಯೋದ್ರೊಳಗೆ ಕಲಿತಿರ್ತೀನಿ" ಎಂದು ಕಟ್ಟೆಯನ್ನು ಒದ್ದೆಬಟ್ಟೆಯಿಂದ ಒರೆಸಿ ಮತ್ತೆ ಶುರುಮಾಡಿದಳು.

ಆದರೂ ಕೈ ಪಳಗಲಿಲ್ಲ. ಒಂದು ಶನಿವಾರ ಸಂಜೆ ಅವಳು ಇಗರ್ಜಿಯ ಪಕ್ಕದಲ್ಲಿ ಗಾಡಿ ನಿಲ್ಲಿಸಿ ನಾಳೆಯ ಊಟಕ್ಕೆ ಬೇಕಾದ ಕೆಸುವಿನ ಗೆಡ್ಡೆ ಇಳಿಸುತ್ತಿದ್ದಳು. ಹೊತ್ತು ಮುಳುಗುತ್ತಿತ್ತು. ತಿರುಗಿ ನೋಡಿದರೆ ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಅವಳ ಗಾಡಿ ನಿಂತಿತ್ತು. ಕಪ್ಪು ನೆರಳು. ಚಕ್ರ ಎರಡೇ. ಕಿಟಕಿಯ ಜಾಗ ಮಾತ್ರ ಬೆಳಗುತ್ತಿತ್ತು. ಮುಂದೆ ತಗ್ಗು ಮೂತಿ, ನಡುವೆ ಎತ್ತರದ ತಲೆ, ಹಿಂದೆ ಉದ್ದನೆಯ ತೊಟ್ಟಿ. ಅದರಲ್ಲಿ ಸೀಟಿರಲಿಲ್ಲ, ಗೇರಿರಲಿಲ್ಲ. ಆದರೂ ಗಾಡಿಯೇ.

ಗೆಡ್ಡೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಇದ್ದಿಲು ತೆಗೆದುಕೊಂಡಳು. ನೆರಳು ಓಡುವ ಮೊದಲೇ ಅಂಚಿನುದ್ದಕ್ಕೂ ಗೆರೆ ಎಳೆದಳು. ನೆಗ್ಗಿದ ತಗಡಿನ ಹತ್ತಿರ ಗೆರೆಯೂ ಒಳಕ್ಕೆ ಹೋಯಿತು.

ಬೆಳಗಾದರೆ ಭಾನುವಾರ. ಆ ದಿನ ನಮ್ಮಲ್ಲಿ ಯಾರೂ ಕೆಲಸ ಮಾಡುವಂತಿಲ್ಲ. ಅದು ದೇವರ ಮಾತೂ ಹೌದು, ಕಾನೂನೂ ಹೌದು. ಪ್ರಾರ್ಥನೆಗೆ ಬಂದ ಊರಿಗೆ ಊರೇ ಗೋಡೆಯ ಮುಂದೆ ನಿಂತಿತು. ಪಾದ್ರಿಗಳು ಓಡಿ ಬಂದರು.

"ಯಾರು ಮಾಡಿದ್ದಿದು? ಮೊದಲು ತೊಳೀರಿ!"

"ಭಾನುವಾರ ತೊಳೆಯೋದು ಹೇಗೆ ಪಾದ್ರಿಗಳೇ? ಅದು ಕೆಲಸ ಅಲ್ವಾ?" ಎಂದಳು ತೋಕಿಲುಪೆ.

ಅಷ್ಟರಲ್ಲಿ ಮಕ್ಕಳು "ತೋಕಿಲುಪೆ ಅತ್ತೆಯ ಗಾಡಿ! ಅಲ್ಲಿ ನೆಗ್ಗಿದ್ದೂ ಇದೆ!" ಎಂದು ಕೂಗಾಡಲು ಶುರುಮಾಡಿದ್ದವು. ತೋಕಿಲುಪೆ ಕಲೊಲೈನೆಯ ಕಡೆ ನೋಡಿದಳು. ಕಲೊಲೈನೆ ಬೀಸಣಿಗೆಯಿಂದ ಮುಖ ಮರೆಮಾಡಿಕೊಂಡು ಒಳಗೆ ಹೋದಳು.

ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ತೋಕಿಲುಪೆಯನ್ನು ಎಬ್ಬಿಸಿ ನಿಲ್ಲಿಸಿ ಕ್ಷಮೆ ಕೇಳಲು ಹೇಳಿದರು. "ಗೋಡೆ ಕೊಳೆ ಮಾಡಿದ್ದು ತಪ್ಪು. ನಾಳೆ ನಾನೇ ತೊಳೆದು ಸುಣ್ಣ ಬಳೀತೀನಿ. ಗಾಡಿ ಬರೆದದ್ದಕ್ಕೆ ಮಾತ್ರ ಕ್ಷಮೆ ಕೇಳಲ್ಲ" ಎಂದು ಹೇಳಿ ಕುಳಿತಳು. ಸೋಮವಾರ ಹೇಳಿದಂತೆಯೇ ಮಾಡಿದಳು. ತೊಳೆಯುವ ಮೊದಲು ಗೆರೆಯನ್ನು ಬೆರಳಿನಿಂದ ಮತ್ತೆ ಮತ್ತೆ ಸವರಿದಳಂತೆ. ಆಮೇಲೆ ಅಂಗಡಿ ಕಟ್ಟೆಯ ಮೇಲೆ ನೆರಳಿಲ್ಲದೆಯೇ ಗಾಡಿ ಬರೆದಳು. ಯಾರೂ ಹಂದಿಯೆನ್ನಲಿಲ್ಲ.

ಅಚ್ಚು ಮಾಡುವುದು ಉಳಿದಿತ್ತು. ಕೇದಗೆ ಎಲೆಯ ಹಾಳೆಯ ಮೇಲೆ ತೆಂಗಿನ ಗರಿಯ ಕಡ್ಡಿಗಳನ್ನು ಹೊಲಿಯಬೇಕು. ನೇರ ಗೆರೆಗಳು ಸಲೀಸಾಗಿ ಬಂದವು. ಚಕ್ರಕ್ಕೆ ಬಗ್ಗಿಸಿದ ಕಡ್ಡಿಗಳು ಮಾತ್ರ ಪಟಪಟನೆ ಮುರಿದವು. ಕೊನೆಗೆ ಕಲೊಲೈನೆಯೇ ಗೊಣಗುತ್ತಾ ಬಂದು ಕೂತಳು.

"ಇಷ್ಟೂ ಗೊತ್ತಿಲ್ವಾ ಮಾರಾಯ್ತಿ? ಕಡ್ಡೀನ ನೀರಲ್ಲಿ ನೆನೆಸ್ಬೇಕು."

"ಹೇಳ್ಬೇಕಿತ್ತು ಅಕ್ಕಾ."

"ನೀನು ಕೇಳ್ಬೇಕಿತ್ತು."

ಅಚ್ಚನ್ನು ಬಟ್ಟೆಯಡಿ ಇಟ್ಟು ಮೇಲೆ ಬಣ್ಣ ಉಜ್ಜಿದಾಗ ಅಂಚಿನ ಚೌಕದಲ್ಲಿ ಗಾಡಿ ಮೂಡಿತು. ಫೆಲೆಟಿಯೂ ನೋಡಲು ಬಂದ. "ಚೆನ್ನಾಗಿದೆ. ಅಣ್ಣನ ನೆನಪಿಗೆ ಬರೆದಿದೀರಿ. ಒಳಗೆ ಖಾಲಿ ಬಿಟ್ಟಿದೀರಲ್ಲ, ಅದೇ ಒಳ್ಳೇದು" ಎಂದ.

ತೋಕಿಲುಪೆ ಅವನ ಎದುರಿಗೇ ಬಣ್ಣದ ಕುಂಚವನ್ನು ಕರಿಯ ರಸದಲ್ಲಿ ಅದ್ದಿ, ಕಿಟಕಿಯೊಳಗೆ ಒಂದು ತಲೆ ಬರೆದಳು. ತಲೆಯ ಹಿಂದೆ ತುರುಬು. ಸ್ಟೀರಿಂಗ್ ಮೇಲೆ ಒಂದು ಕೈ.

"ಅತ್ತಿಗೆ, ಇದೇನು?"

"ಗಾಡಿ ತಾನಾಗೇ ಓಡುತ್ತಾ ಫೆಲೆಟಿ?"

ಅವನು ಕಲೊಲೈನೆಯ ಕಡೆ ತಿರುಗಿದ. ಅವಳು ತಲೆಯೆತ್ತದೆ ಹೂಮಾಲೆಗೆ ಬಣ್ಣ ತುಂಬುತ್ತಲೇ ಇದ್ದಳು. "ಒಣಗೋವರೆಗೆ ಯಾರೂ ಮುಟ್ಬೇಡಿ" ಎಂದಳು, ಅಷ್ಟೇ.

ಮದುವೆಯಲ್ಲಿ ಬಟ್ಟೆ ಹಾಸಿದಾಗ ಗಂಡಿನ ಕಡೆಯವರಲ್ಲಿ ಕೆಲವರು ಮೂಗು ಮುರಿದರು. ವರನ ಸೋದರತ್ತೆ ಮಾತ್ರ ಕೋಲೂರಿಕೊಂಡು ಬಂದು ಬಗ್ಗಿ ನೋಡಿ, "ಯಾರವ್ವ ಈ ಹೆಂಗಸು?" ಎಂದು ಕೇಳಿದಳು.

"ನಾನೇ" ಎಂದಳು ತೋಕಿಲುಪೆ.

"ನನ್ನನ್ನ ಸಂಜೆ ದಕ್ಕೆಗೆ ಬಿಡ್ತೀಯಾ?"

ಬಿಟ್ಟಳು. ಮುಂದಿನ ಸೀಟಿನಲ್ಲಿ ಆ ಮುದುಕಿ ಕೂತಿದ್ದರಿಂದ ಫೆಲೆಟಿ ಹಿಂದಿನ ತೊಟ್ಟಿಯಲ್ಲಿ ಹಂದಿಮಾಂಸದ ಬುಟ್ಟಿಗಳ ನಡುವೆ ಕೂತು ಹೋಗಬೇಕಾಯಿತು. ಆಮೇಲೆ ಅವನು ಕೀ ಕೇಳಲಿಲ್ಲ. ಒಳ್ಳೆಯ ಮಾತನ್ನೂ ಆಡಲಿಲ್ಲ ಅನ್ನಿ.

ಈಗ ಬೇರೆ ಊರಿನ ಗುಂಪುಗಳೂ ಆ ಅಚ್ಚನ್ನು ಕಡ ಕೇಳುತ್ತವೆ. ತುರುಬಿನ ತಲೆಯನ್ನೂ ಕಡ್ಡಿಯಿಂದ ಹೊಲಿದಿದ್ದಾಳೆ ತೋಕಿಲುಪೆ. ಹೋದ ವರ್ಷ ಒಂದೂರಿನವರು ಆ ತಲೆಯನ್ನು ಕಿತ್ತು ಅಚ್ಚನ್ನು ವಾಪಸು ಕಳಿಸಿದರು. ಅವಳು ಬೈಯಲಿಲ್ಲ. ಜಗಲಿಯಲ್ಲಿ ಕೂತು, ಕಡ್ಡಿ ನೆನೆಸಿ, ದಪ್ಪ ದಾರ ಪೋಣಿಸಿ ಮತ್ತೆ ಹೊಲಿದಳು. ಈ ಸಲ ತುರುಬು ಮೊದಲಿಗಿಂತ ದೊಡ್ಡದಾಗಿತ್ತು.